ಎಂಟು ಶನಿವಾರ, 2,400 ರೂಪಾಯಿ: ಮುಲುಂಡ್‌ನ ಒಂದು ಲೈಬ್ರರಿ ಕ್ಲಾಸು

ಮೂರನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನದು. ಬ್ಯಾಂಕಿನಿಂದ ರಿಟೈರ್ ಆದವನಿಗೆ ಶನಿವಾರ ಬೇರೇನು ಕೆಲಸ, ಅಲ್ವಾ? ಮುಂಬೈನ ಮುಲುಂಡ್‌ನಲ್ಲಿ ನಮ್ಮ ಮನೆ ಹತ್ತಿರದ ಖಾಸಗಿ ಲೈಬ್ರರಿಯವರು, ಕಪಾಟಿನಲ್ಲೂ ಇಂಟರ್ನೆಟ್ಟಿನಲ್ಲೂ ಹುಡುಕೋದು ಕಲಿಸುತ್ತೇವೆ ಎಂದು ಬೋರ್ಡು ಹಾಕಿದ್ದರು. ಹದಿನಾಲ್ಕು ಮಕ್ಕಳು. ಹಿಂದಿನ ಬೆಂಚಿನಲ್ಲಿ ಮನೆಯವರು ಕೂರಬಹುದು. ನಾನು ಎಂಟೂ ವಾರ ಕೂತೆ.

ಪುಸ್ತಕದ ಪಾಠಕ್ಕೆ ಕೊಟ್ಟ ದುಡ್ಡು ವಸೂಲಾಯಿತು. ಮೊದಲ ದಿನವೇ ಪ್ರತಿ ಮಗುವಿನ ಕೈಗೆ ಒಂದು ಚೀಟಿ, ಅದರಲ್ಲಿ ಬರೀ ನಂಬರು. ನಮ್ಮವಳಿಗೆ 598 ಬಂತು. ಸಾಲುಗಳಲ್ಲಿ ಅಲೆದಾಡಿ ಹಕ್ಕಿ ಪುಸ್ತಕಗಳ ಎದುರು ಹೋಗಿ ನಿಂತಳು. ಅಮೆರಿಕದ ಮೆಲ್ವಿಲ್ ಡ್ಯೂಯಿ ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸಲು 1876ರಲ್ಲಿ ಮಾಡಿದ ಲೆಕ್ಕ ಇದು ಎಂದು ಟೀಚರ್ ಒಂದೇ ಮಾತಲ್ಲಿ ಮುಗಿಸಿದರು. ಆಗ ಒಬ್ಬ ಹುಡುಗ ಎದ್ದ: ಹುಲಿ 599ರಲ್ಲಿದೆ, ಬೆಕ್ಕು 636ರಲ್ಲಿ ಯಾಕೆ? ಟೀಚರ್ ಉತ್ತರ ಹೇಳಲಿಲ್ಲ. 636ರಲ್ಲಿ ಇನ್ನೇನಿದೆ ನೋಡಿ ಬಾ ಅಂದರು. ನಾಯಿ, ಹಸು, ಕೋಳಿ. "ಸಾಕೋ ಪ್ರಾಣಿಯೆಲ್ಲ ಇಲ್ಲಿದೆ!" ಎಂದು ಅವನೇ ಕೂಗಿದ. ನಲವತ್ತು ವರ್ಷ ಲೈಬ್ರರಿ ಸುತ್ತಿದ ನನಗೂ ಅದು ಹೊಳೆದಿರಲಿಲ್ಲ.

ಇನ್ನೊಂದು ವಾರ ಫ್ಲೆಮಿಂಗೊ. ನಮ್ಮ ಥಾಣೆ ಖಾಡಿಗೆ, ಅಂದರೆ ಒಳಕ್ಕೆ ಚಾಚಿದ ಸಮುದ್ರದ ನೀರಿಗೆ, ಬರುವ ಹಕ್ಕಿ. ಅಲ್ಲಿ ಅಭಯಾರಣ್ಯ ಇದೆ ಎಂದು ವೆಬ್‌ಸೈಟಿನಲ್ಲಿತ್ತು, ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಹಾಗಾದರೆ ಯಾವುದು ತಪ್ಪು? ಮಕ್ಕಳು ಪುಸ್ತಕದ ಮೊದಲ ಪುಟಗಳಲ್ಲಿ ಇಸವಿ ಹುಡುಕಿದರು: 2009. ಅಭಯಾರಣ್ಯ ಆಗಿದ್ದು 2015ರಲ್ಲಿ. ಪುಸ್ತಕ ತಪ್ಪಲ್ಲ, ಹಳೆಯದು. ಅವತ್ತಿನಿಂದ ನಮ್ಮವಳು ನನ್ನ ಪುಸ್ತಕಗಳ ಇಸವಿಯನ್ನೂ ನೋಡಿ ಮೂಗು ಮುರಿಯುತ್ತಾಳೆ.

ಕಂಪ್ಯೂಟರ್ ಪಾಠ ಅಷ್ಟಕ್ಕಷ್ಟೇ. ಇದ್ದದ್ದು ಆರು ಟ್ಯಾಬ್, ಎರಡಕ್ಕೆ ಚಾರ್ಜೇ ನಿಲ್ಲದು. ಹುಡುಕಿದಾಗ ಮೇಲೆ 'ಸ್ಪಾನ್ಸರ್ಡ್' ಎಂದು ಬಂದರೆ ಅದು ಜಾಹೀರಾತು ಎಂದು ಕಲಿಸಿದ್ದು ಒಳ್ಳೆಯದಾಯಿತು. ಆದರೆ ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದು ಅರ್ಧ ಗಂಟೆ ಪಾಠ ಮಾಡಿ, ಕ್ಲಾಸಿನ ಆ್ಯಪ್‌ಗೆ ಹದಿನಾಲ್ಕು ಮಕ್ಕಳಿಗೂ ಒಂದೇ ಪಾಸ್‌ವರ್ಡ್ ಬೋರ್ಡಿನ ಮೇಲೆ ಬರೆದರು! ಮಕ್ಕಳೇ ನಕ್ಕರು. ಅದೂ ಸಾಲದೆ ಆ ಆ್ಯಪ್‌ಗೆ ಮಗಳ ಮೊಬೈಲ್ ನಂಬರು ಕೊಟ್ಟ ಮರುದಿನದಿಂದ ಅವಳಿಗೆ ಟ್ಯೂಷನ್ ಕಂಪನಿಗಳ ಫೋನು. ಸೇರಿಸುವವರು ಇದನ್ನು ಮೊದಲೇ ಕೇಳಿಕೊಳ್ಳಿ.

ಅಲ್ಲಿ ಮೂವತ್ತು ಕನ್ನಡ ಪುಸ್ತಕಗಳಿವೆ. ತಮಿಳು, ಗುಜರಾತಿ ಜೊತೆ ಒಂದೇ ಕಪಾಟಿನಲ್ಲಿ ತುರುಕಿ 'ಇತರೆ' ಎಂದು ಚೀಟಿ ಹಚ್ಚಿದ್ದಾರೆ. ನಂಬರಿಲ್ಲ. ಕೇಳಿದರೆ, ಓದಲು ಬರುವವರು ಯಾರೂ ಇಲ್ಲ ಅಂಕಲ್ ಅಂದರು. ಮೊಮ್ಮಗಳು ಬಿಡಬೇಕಲ್ಲ? ಟೀಚರ್ ಹತ್ತಿರ ಹುಡುಕಿಸಿಯೇ ಬಿಟ್ಟಳು: ಕನ್ನಡ ಸಾಹಿತ್ಯಕ್ಕೆ 894.814.

ಕ್ಲಾಸು ಮುಗಿದರೂ ನಾವಿಬ್ಬರು ಶನಿವಾರ ಹೋಗುತ್ತಿದ್ದೇವೆ. ನಾನು ಪುಸ್ತಕದ ಹೆಸರು ಓದುತ್ತೇನೆ, ಅವಳು ನಂಬರು ಬರೆದು ಅಂಟಿಸುತ್ತಾಳೆ. ಹನ್ನೊಂದು ಮುಗಿದಿವೆ. ಗೋಂದು ಮಾತ್ರ ನಮ್ಮ ಖರ್ಚು.