ಜೊತ್ತೊ ಭಿತ್ತಿಚಿತ್ರದ ಪ್ರಿಂಟಿಗೆ ಯಾವ ಕಾಗದ? ನಯ ಹತ್ತಿ, ಒರಟು ಹತ್ತಿ, ಬರೈಟಾ

ಮೂರು ಕಾಗದಕ್ಕೂ ಒಂದೇ ಫೈಲು, ಒಂದೇ ಬಗೆಯ ಪಿಗ್ಮೆಂಟ್ ಇಂಕು (ನುಣ್ಣನೆಯ ಬಣ್ಣದ ಪುಡಿಯದ್ದು). ಚಿತ್ರ, ಇಟಲಿಯ ಪಾದುವಾದ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ 1305ರ ಸುಮಾರಿಗೆ ಚಿತ್ರಕಾರ ಜೊತ್ತೊ ಗೋಡೆಯ ಮೇಲೆ ಬರೆದ ಯೇಸುವಿನ ಶವದ ಮುಂದಿನ ಶೋಕ. ಪ್ರಿಂಟಿನ ಅಗಲ 40 ಸೆಂ.ಮೀ.; ಇಂಚಿಗೆ 300 ಪಿಕ್ಸೆಲ್ ಬೇಕೆಂದರೆ ಫೈಲಿನ ಅಗಲ 4,724 ಪಿಕ್ಸೆಲ್ ಇರಬೇಕು.

ಮೊದಲ ನೋಟಕ್ಕೆ ಗೆಲ್ಲುವುದು ಬರೈಟಾ, ಅಂದರೆ ಬೇರಿಯಂ ಸಲ್ಫೇಟ್ ಲೇಪದ ಹೊಳಪು ಕಾಗದ. ಅದರ ಕಪ್ಪು ಅಷ್ಟು ಗಾಢ. ಆದರೆ ಫ್ರೆಸ್ಕೊದಲ್ಲಿ, ಅಂದರೆ ಇಂಥ ಭಿತ್ತಿಚಿತ್ರದಲ್ಲಿ, ಅಂಥ ಕಪ್ಪೇ ಇಲ್ಲ. ನೀರಲ್ಲಿ ಕಲಸಿದ ಬಣ್ಣವನ್ನು ಹಸಿ ಸುಣ್ಣದ ಗಾರೆ ಹೀರಿ ಕಲ್ಲಾಗಿಸಿಕೊಂಡಿದೆ. ಎಣ್ಣೆಯಿಲ್ಲ, ವಾರ್ನಿಷ್ ಇಲ್ಲ, ಹೊಳಪೂ ಇಲ್ಲ. ಬರೈಟಾದಲ್ಲಿ ಚಿತ್ರದ ಹಿಂಬದಿಯ ಬಂಡೆಯ ಇಳಿಜಾರು ಒದ್ದೆಯಾದಂತೆ ಮಿಂಚುತ್ತದೆ. ಜೊತ್ತೊನ ಕಾಲದ ಚಿತ್ರಕಾರ ದುಚ್ಚೊನ ಮಯೆಸ್ತಾದಂಥ, ಹಲಗೆಯ ಮೇಲೆ ಚಿನ್ನದ ರೇಕು ಅಂಟಿಸಿದ ಚಿತ್ರಕ್ಕಾದರೆ ಇದೇ ಸರಿ.

ಚದರ ಮೀಟರಿಗೆ 350 ಗ್ರಾಂ ತೂಗುವ ಒರಟು ಹತ್ತಿ ಕಾಗದ ಮುಟ್ಟಿದರೆ ಗೋಡೆಯ ನೆನಪು ತರುತ್ತದೆ. ತೊಂದರೆ ಅಲ್ಲೇ: ಫೋಟೊದಲ್ಲಿರುವ ಗಾರೆಯ ಬಿರುಕಿನ ಮೇಲೆ ಕಾಗದದ ತರಿಯೂ ಸೇರುತ್ತದೆ. ಮೂಲ ಸುಮಾರು ಎರಡು ಮೀಟರ್. ಐದನೇ ಒಂದು ಭಾಗಕ್ಕೆ ಇಳಿದಾಗ ದೇವದೂತರ ಅಳುವ ಕಣ್ಣುಗಳು ಆ ತರಿಯಲ್ಲಿ ಕಳೆದುಹೋಗುತ್ತವೆ. ಪ್ರಿಂಟಿನ ಅಗಲ 80 ಸೆಂ.ಮೀ. ದಾಟಿದರೆ ಮಾತ್ರ ಇದನ್ನು ಆರಿಸಿ. ಪ್ರಿಂಟರ್ ಹೆಡ್ಡಿನ ಎತ್ತರ ಹೆಚ್ಚಿಸದಿದ್ದರೆ ದಪ್ಪ ಕಾಗದದ ಅಂಚು ಉಜ್ಜಿ ಕಪ್ಪು ಮಸಿ ಹತ್ತುತ್ತದೆ.

ಈ ಅಳತೆಗೆ ನಮ್ಮ ಆಯ್ಕೆ 308 ಗ್ರಾಂನ ನಯ ಮ್ಯಾಟ್ (ಹೊಳಪಿಲ್ಲದ) ಹತ್ತಿ ಕಾಗದ. ಮುಖಗಳು ಸ್ಪಷ್ಟ, ಕಾಗದದ ಬಿಳುಪು ಸುಣ್ಣದಷ್ಟೇ ಮೆದು. ಆದರೆ ಯೇಸುವಿನ ತಾಯಿ ಮರಿಯಳ ನಿಲುವಂಗಿಯಲ್ಲಿ ಎಚ್ಚರ ಬೇಕು. ಅದರ ಅಜುರೈಟ್ ಎಂಬ ಖನಿಜದ ನೀಲಿಯನ್ನು ಒಣಗಿದ ಗಾರೆಯ ಮೇಲೆ ಅಂಟಿನಿಂದ ಹಚ್ಚಿದ್ದರಿಂದ ಬಹುಪಾಲು ಉದುರಿದೆ. ಉಳಿದ ನೀಲಿಯೂ ಉದುರಿದ ಜಾಗವೂ ಮ್ಯಾಟ್ ಕಾಗದದಲ್ಲಿ ಒಂದೇ ಕಪ್ಪು ಮುದ್ದೆಯಾಗಬಹುದು. ಆ ಕಾಗದದ್ದೇ ಪ್ರೊಫೈಲ್ (ಬಣ್ಣ ಹೇಗೆ ಮೂಡುತ್ತದೆಂದು ತಿಳಿಸುವ ಫೈಲು) ಹಾಕಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟು ಹೇಗೆ ಕಾಣುತ್ತದೆಂಬುದನ್ನು ಪರದೆಯ ಮೇಲೆ ನೋಡಿ. ಬಣ್ಣ ಹೊಂದಿಸುವ ವಿಧಾನವಾಗಿ ರಿಲೇಟಿವ್ ಕಲರಿಮೆಟ್ರಿಕ್ ಆರಿಸಿ, ಫೈಲಿನ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಷನ್ ಹಾಕಿ, ನೆರಳನ್ನು ತುಸು ಎತ್ತಿ. ನೀಲಿಯ ಗಾಢತೆ ಮಾತ್ರ ಹೆಚ್ಚಿಸಬೇಡಿ. ಅದು ಜೊತ್ತೊನ ಗೋಡೆಗೆ ನಾವು ಬಣ್ಣ ಬಳಿದಂತೆ.

ಕಪ್ಪು ಇಂಕು ಮ್ಯಾಟ್ ಬ್ಲ್ಯಾಕ್ ಇರಲಿ. ಹೊಳಪು ಕಾಗದಕ್ಕೆಂದಿರುವ ಫೋಟೊ ಬ್ಲ್ಯಾಕ್ ಉಳಿದುಬಿಟ್ಟರೆ ಚಿತ್ರವಿಡೀ ಬೂದಿ ಬಳಿದಂತಾಗುತ್ತದೆ. ಕಾಗದ ತೂರಿಸುವ ಮೊದಲು ಮೆತ್ತನೆ ಬ್ರಷ್‌ನಿಂದ ಹತ್ತಿಯ ಎಳೆ ಕೊಡವಿ. ಅಚ್ಚಾದ ಮೇಲೆ ಎಳೆ ಉದುರಿದರೆ ಆಕಾಶದಲ್ಲಿ ಬಿಳಿ ಚುಕ್ಕೆ ಉಳಿದು, ಗಾರೆಯೇ ಕಿತ್ತುಬಂದಂತೆ ಕಾಣುತ್ತದೆ. ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸದ ಕಾಗದವನ್ನೇ ಕೇಳಿ ಕೊಳ್ಳಿ. ಬೆರೆಸಿದ್ದು ಮೊದಲು ನೀಲಿ ಬಿಳುಪು, ವರ್ಷಗಳಾದ ಮೇಲೆ ಹಳದಿ. 24 ಗಂಟೆ ಒಣಗಿಸಿ, ಗಾಜಿಗೂ ಪ್ರಿಂಟಿಗೂ ನಡುವೆ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಇಟ್ಟು ಚೌಕಟ್ಟು ಹಾಕಿಸಿ. ಹಸಿ ಇರುವಾಗಲೇ ಮುಚ್ಚಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ.