ಟೈಲ್ಸ್ ಸಂದಿಯಲ್ಲಿ ಆಸಿಡ್ ನೊರೆ ಎದ್ದರೆ ಅದು ಕೊಳೆಯಲ್ಲ, ತಕ್ಷಣ ಕೆಲಸ ನಿಲ್ಲಿಸಿ

ಟೈಲ್ಸ್ ಸಂದಿ ಕ್ಲೀನ್ ಮಾಡಿಸೋಣ ಅಂತ ಯಾರನ್ನಾದರೂ ಕರೆಸುವವರಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ನಮ್ಮ ಅಡುಗೆಮನೆ, ಬಾತ್‌ರೂಮ್ ಎರಡರ ನೆಲವೂ ಹಾಳಾಗಿದೆ. ಟೈಲ್ಸ್ ಹಾಗೇ ಇವೆ. ನಡುವೆ ಸಂದಿ ತುಂಬಲು ಹಾಕಿದ್ದ ಸಿಮೆಂಟ್ ಮಿಶ್ರಣ, ಅಂದರೆ ಗ್ರೌಟ್, ಪುಡಿಪುಡಿಯಾಗಿ ಏಳುತ್ತಿದೆ. ಹಾಳು ಮಾಡಿದವರು ಕ್ಲೀನ್ ಮಾಡಲು ಬಂದವರೇ. ದುಡ್ಡು ಮಾತ್ರ ಅವತ್ತೇ ಪೂರ್ತಿ ತೆಗೆದುಕೊಂಡು ಹೋದರು.

ಸಂದಿಗಳು ಕಪ್ಪಾಗಿದ್ದವು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಸಿಮೆಂಟ್ ಗ್ರೌಟ್ ಅಲ್ವಾ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ನೆಲ ಒರೆಸಿದ ಕೊಳೆ ನೀರು, ಎಣ್ಣೆ ಜಿಡ್ಡು, ಸೋಪು ಎಲ್ಲ ಒಳಗೆ ಇಳಿದು ಕೂರುತ್ತದೆ. ಅದಕ್ಕೇ ಡೀಪ್ ಕ್ಲೀನಿಂಗ್ ಜೊತೆಗೆ ಸೀಲಿಂಗ್ (ನೀರು, ಕೊಳೆ ಒಳಗೆ ಇಳಿಯದ ಹಾಗೆ ಸಂದಿಗೆ ಸೀಲರ್ ಎಂಬ ದ್ರವ ಹಚ್ಚುವುದು) ಮಾಡಿಕೊಡುತ್ತೇವೆ ಎನ್ನುವವರನ್ನು ಕರೆಸಿದ್ದು. ಫೋನಿನಲ್ಲಿ ಬೆಣ್ಣೆ ಹಚ್ಚಿದ ಮಾತು. "ಹೊಸ ನೆಲ ಥರ ಮಾಡಿ ಕೊಡ್ತೀವಿ. ಸೀಲರ್ ಹಾಕಿದ ಮೇಲೆ ನೀವು ಆ ಕಡೆ ನೋಡೋದೇ ಬೇಡ."

ಬಂದವರು ಮೊದಲು ಒಂದು ಮೂಲೆಯಲ್ಲಿ ಸ್ಯಾಂಪಲ್ ತೋರಿಸಿದರು. ಈ ಸ್ಯಾಂಪಲ್ ಬಗ್ಗೆಯೇ ನಾನು ಹೇಳಬೇಕಿರುವುದು. ಬಿಳಿ ಕ್ಯಾನ್, ಅದರ ಮೇಲೆ ಲೇಬಲ್ ಇಲ್ಲ. ಒಳಗಿನದು ತಿಳಿ ಹಳದಿ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವ ಘಾಟು. ಸಂದಿಯ ಉದ್ದಕ್ಕೂ ಸುರಿದ ಕೂಡಲೇ ಚುಂಯ್ ಅಂತ ಬೂದು ಬಣ್ಣದ ನೊರೆ ಉಕ್ಕಿತು. ಬಟ್ಟೆಯಲ್ಲಿ ಒರೆಸಿ ಮುಖದ ಹತ್ತಿರ ಹಿಡಿದು ತೋರಿಸಿದರು. "ನೋಡಿ ಮೇಡಂ, ಎಷ್ಟು ವರ್ಷದ ಕೊಳೆ ಹೆಂಗೆ ಎದ್ದು ಬರ್ತಿದೆ!" ಕೆಳಗೆ ಸಂದಿ ಬೆಳ್ಳಗೆ ಕಾಣುತ್ತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆ ನೊರೆ ನೋಡಿ ನಾನು ಖುಷಿಪಟ್ಟಿದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅದು ಕೊಳೆ ಅಲ್ಲ. ಮತ್ತೆ ಹೇಳುತ್ತೇನೆ, ಅದು ಕೊಳೆ ಅಲ್ಲ. ಆಸಿಡ್ ಸಿಮೆಂಟ್‌ಗೆ ತಾಗಿದರೆ ಅದರಲ್ಲಿರುವ ಸುಣ್ಣದ ಅಂಶ ಕರಗಿ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಅಂದರೆ ನೊರೆಯಾಗಿ ಬರುತ್ತಿದ್ದದ್ದು ನಮ್ಮ ಗ್ರೌಟೇ. ಸಂದಿ ಬೆಳ್ಳಗಾಗಿದ್ದು ಕೊಳೆ ಹೋಗಿದ್ದಕ್ಕಲ್ಲ, ಮೇಲಿನ ಪದರವೇ ಕರಗಿ ಹೋಗಿದ್ದಕ್ಕೆ. ಆಮೇಲೆ ಬಂದು ನೋಡಿದ ಟೈಲ್ಸ್ ಮೇಸ್ತ್ರಿ ಇದನ್ನು ಒಂದೇ ನೋಟಕ್ಕೆ ಹೇಳಿದರು.

ಇಡೀ ನೆಲಕ್ಕೆ ಅದನ್ನೇ ಸುರಿದರು. ಮೊದಲು ಸಂದಿಗೆ ನೀರು ಕುಡಿಸಿರಲಿಲ್ಲ. ಒಣ ಗ್ರೌಟ್ ಆಸಿಡ್ ಅನ್ನು ಇನ್ನೂ ಆಳಕ್ಕೆ ಹೀರಿಕೊಳ್ಳುತ್ತದೆ. ಮೇಲಿಂದ ತಂತಿ ಬ್ರಷ್‌ನಲ್ಲಿ ಉಜ್ಜಿದರು. "ಏನ್ ಲಿಕ್ವಿಡ್ ಇದು?" ಅಂತ ಕೇಳಿದೆ. "ಇಂಪೋರ್ಟೆಡ್ ಮೇಡಂ, ನಮ್ಮದೇ ಫಾರ್ಮುಲಾ." ಆಸಿಡ್ಡಾ ಅಂದೆ. "ಅಯ್ಯೋ ಇಲ್ಲ ಇಲ್ಲ, ಮೈಲ್ಡ್ ಕ್ಲೀನರ್." ಅಷ್ಟು ಸರಾಗವಾಗಿ ಹೇಳಿದರು.

ಆಮೇಲೆ ಸೀಲಿಂಗ್ ನಾಟಕ. ನೆಲದ ನೀರು ಇನ್ನೂ ಆರಿರಲಿಲ್ಲ. ಸ್ಪ್ರೇ ಬಾಟಲಿಯಲ್ಲಿ ಏನನ್ನೋ ಚಿಮುಕಿಸಿ ಮಾಪ್ ಎಳೆದರು, ಮುಗಿಯಿತು ಅಂದರು. ಸೀಲರ್ ಗ್ರೌಟ್ ಒಳಗೆ ಇಳಿಯಬೇಕು ಅಂದರೆ ಗ್ರೌಟ್ ಪೂರ್ತಿ ಒಣಗಿರಬೇಕು. ತೂತುಗಳಲ್ಲಿ ಆಗಲೇ ನೀರು ತುಂಬಿದ್ದರೆ ಸೀಲರ್ ಹೋಗುವುದು ಎಲ್ಲಿಗೆ? ಟೈಲ್ಸ್ ಮೇಲೆ ಉಳಿದದ್ದನ್ನು ಒಣಗುವ ಮೊದಲೇ ಒರೆಸಬೇಕು, ಇಲ್ಲವಾದರೆ ಮಬ್ಬಾಗುತ್ತದೆ. ಇದ್ಯಾವುದೂ ಆಗಲಿಲ್ಲ. ಅದರಲ್ಲಿ ಸೀಲರ್ ಇತ್ತೋ ಬರೀ ನೀರಿತ್ತೋ ದೇವರಿಗೇ ಗೊತ್ತು.

ಸ್ವಲ್ಪ ದಿನಕ್ಕೆ ಕಸ ಗುಡಿಸುವಾಗ ಮೊರದಲ್ಲಿ ಬಿಳಿ ಮರಳು ಬರಲು ಶುರುವಾಯಿತು. ಹೊರಗಿನಿಂದ ಬಂದಿರಬೇಕು ಅಂದುಕೊಂಡೆವು. ದಿನಾ ಗುಡಿಸಿದರೂ ದಿನಾ ಬರುತ್ತಿತ್ತು. ಬಗ್ಗಿ ಸಂದಿಯಲ್ಲಿ ಉಗುರು ಎಳೆದೆ, ಉಗುರಿನ ತುಂಬ ಪುಡಿ. ಸುಮಾರು 3 ಮಿಲಿಮೀಟರ್‌ಗಿಂತ ಅಗಲದ ಸಂದಿಗೆ ಸಾಮಾನ್ಯವಾಗಿ ಮರಳು ಬೆರೆತ ಗ್ರೌಟ್ ಹಾಕುತ್ತಾರೆ. ಸಿಮೆಂಟ್ ಕರಗಿದ ಮೇಲೆ ಆ ಮರಳನ್ನು ಹಿಡಿದಿಡುವುದಕ್ಕೆ ಏನಿರುತ್ತದೆ? ಸಂದಿಯ ಮೇಲೆ ಒಂದು ತೊಟ್ಟು ನೀರು ಬಿಟ್ಟೆ. ಸೀಲ್ ಆಗಿದ್ದರೆ ತೊಟ್ಟು ಸ್ವಲ್ಪ ಹೊತ್ತು ಮೇಲೇ ನಿಲ್ಲಬೇಕು. ಬಿಟ್ಟ ಕೂಡಲೇ ಹೀರಿಕೊಂಡು ಕಪ್ಪಗಾಯಿತು. ಬಾತ್‌ರೂಮ್‌ನ ಸ್ಟೀಲ್ ಜಾಲರಿ ಮೇಲೆ ಕಂದು ಚುಕ್ಕಿಗಳೂ ಎದ್ದಿದ್ದವು. ಹೈಡ್ರೋಕ್ಲೋರಿಕ್‌ನಂಥ ಕಟು ಆಸಿಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಮೈಲ್ಡ್ ಕ್ಲೀನರ್ ಅಂತೆ!

ಫೋನ್ ಮಾಡಿದೆ. ಮೊದಲ ಉತ್ತರ: "ನಿಮ್ಮ ಗ್ರೌಟೇ ಹಳೇದು ಮೇಡಂ, ಮೊದಲೇ ವೀಕ್ ಇತ್ತು." ಹಾಗಿದ್ದರೆ ಮೊದಲೇ ಯಾಕೆ ಹೇಳಲಿಲ್ಲ? "ಕೆಲಸ ಮಾಡಿದ ಮೇಲೇ ಗೊತ್ತಾಗೋದು." ಮತ್ತೊಂದು ಸಲ ಮಾಡಿದಾಗ, "ನೀವು ಜಾಸ್ತಿ ನೀರು ಹಾಕಿ ತೊಳೆದಿರ್ತೀರ." ಬಾತ್‌ರೂಮ್ ನೆಲಕ್ಕೆ ನೀರು ಹಾಕಬಾರದಂತೆ! ಫೋಟೋ ಕಳಿಸಿದೆ. "ಫೋಟೋದಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ." ಲಿಕ್ವಿಡ್ ಹೆಸರು ಹೇಳಿ ಅಂತ ಬರೆದೆ. ಓದಿದರು, ಉತ್ತರ ಇಲ್ಲ. ಮತ್ತೆ ಬರೆದೆ. ಉತ್ತರ ಇಲ್ಲ. ಇಷ್ಟೆಲ್ಲ ಆದ ಮೇಲೆ, "ಬೇಕಿದ್ರೆ ಎಪಾಕ್ಸಿ ಹಾಕಿಕೊಡ್ತೀವಿ, ಚಾರ್ಜ್ ಬೇರೆ ಆಗುತ್ತೆ." ಎಪಾಕ್ಸಿ ಅಂದರೆ ಸಿಮೆಂಟ್ ಬದಲು ರಾಳದಿಂದ ಮಾಡಿದ, ನೀರು ಹೀರದ ಗ್ರೌಟ್. ಹಾಳು ಮಾಡಿದ್ದಕ್ಕೂ ದುಡ್ಡು, ಸರಿ ಮಾಡುವುದಕ್ಕೂ ದುಡ್ಡು.

ಜಗಳ ಮಾಡಿದ ಮೇಲೆ ಒಬ್ಬ ಹುಡುಗನನ್ನು ಕಳಿಸಿದರು. ಅವನು ವೈಟ್ ಸಿಮೆಂಟ್ ಕಲಸಿ ಸಂದಿ ಮೇಲೆ ಸವರಿ ಹೋದ. ಕೆಳಗೆ ಪುಡಿ ಇರುವಾಗ ಮೇಲಿನ ತೆಳು ಪದರ ಹೇಗೆ ನಿಲ್ಲುತ್ತದೆ? ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಹಳೆಯದನ್ನು ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಭಾಗದಷ್ಟಾದರೂ ಆಳಕ್ಕೆ ಕೆರೆದು ತೆಗೆದು, ಪುಡಿಯೆಲ್ಲ ಕ್ಲೀನ್ ಮಾಡಿ ಹೊಸದಾಗಿ ತುಂಬಬೇಕು ಅಂದರು ಮೇಸ್ತ್ರಿ. ಕೆರೆಯುವಾಗ ಟೈಲ್ಸ್ ಅಂಚು ಒಡೆಯದ ಹಾಗೆ ನೋಡಿಕೊಳ್ಳಬೇಕು. ಈಗ ಅದೇ ಕೆಲಸ ಮಾಡಿಸುತ್ತಿದ್ದೇವೆ. ಮನೆಯೆಲ್ಲ ಧೂಳು.

ನನಗೆ ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಮೇಸ್ತ್ರಿ ಅಲಮಾರು ಕೆಳಗೆ ಆಸಿಡ್ ಬೀಳದೆ ಉಳಿದಿದ್ದ ಸ್ವಲ್ಪ ಜಾಗದಲ್ಲಿ ಆಕ್ಸಿಜನ್ ಬ್ಲೀಚ್ ಪುಡಿಯನ್ನು ಬೆಚ್ಚಗಿನ ನೀರಿಗೆ ಕಲಸಿ ಹಚ್ಚಿದರು. ಸೋಡಿಯಂ ಪರ್‌ಕಾರ್ಬೊನೇಟ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಕಾಲು ಗಂಟೆ ಬಿಟ್ಟು ನೈಲಾನ್ ಬ್ರಷ್‌ನಲ್ಲಿ ಉಜ್ಜಿ ತೊಳೆದರು. ಕಪ್ಪು ಬಹುಪಾಲು ಹೋಯಿತು, ಗ್ರೌಟ್ ಗಟ್ಟಿಯಾಗೇ ಇದೆ. ಇಷ್ಟೇ ಸಾಕಿತ್ತು! ಇಡೀ ಮನೆಗೆ ಇಷ್ಟೇ ಸಾಕಿತ್ತು.

ಯಾರನ್ನೇ ಕರೆಸಿ, ಕ್ಯಾನ್ ಮೇಲೆ ಲೇಬಲ್ ಇಲ್ಲದಿದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸಿ. ನೆಲ ಮಾರ್ಬಲ್ ಆಗಿದ್ದರಂತೂ ಆಸಿಡ್ ಕಲ್ಲಿನ ಹೊಳಪನ್ನೇ ತಿನ್ನುತ್ತದೆ. ಅವರು ಆಸಿಡ್ ಸುರಿದು ಹೋದ ನೆಲ ಅಂತ ಅನುಮಾನ ಬಂದರೆ ಅದರ ಮೇಲೆ ಮಾಮೂಲಿ ಬ್ಲೀಚ್ ಹಾಕಬೇಡಿ, ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಅದು ವಿಷ. ಎಪಾಕ್ಸಿ ಗ್ರೌಟ್‌ಗೆ ಸೀಲರ್ ಬೇಕಾಗುವುದಿಲ್ಲ, ಅದಕ್ಕೂ ಸೀಲಿಂಗ್ ಅಂದರೆ ಸುಮ್ನೆ ಬಿಲ್ ಬೆಳೆಸುತ್ತಿದ್ದಾರೆ ಅಂತಲೇ ಲೆಕ್ಕ. ಸಿಮೆಂಟ್ ಗ್ರೌಟ್ ಆದರೆ ಸೀಲರ್ ಪೂರ್ತಿ ಒಣಗುವವರೆಗೆ ಕಾಯಿರಿ, ಅವರ ಎದುರೇ ಸಂದಿ ಮೇಲೆ ನೀರು ಬಿಟ್ಟು ನೋಡಿ. ಎಷ್ಟೇ ಅವಸರ ಮಾಡಲಿ, ಎಷ್ಟೇ ಸಿಹಿಯಾಗಿ ಮಾತಾಡಲಿ, ಅಲ್ಲಿಯವರೆಗೆ ಬಾಕಿ ದುಡ್ಡು ಕೊಡಬೇಡಿ.