ಮದುವೆ ಕಾಗದ ‘ಎಪಿಕೆ’ ಆಗಿ ಬಂದರೆ ಮುಟ್ಟಬೇಡಿ

ಲಗ್ನದ ಸೀಸನ್ ಶುರುವಾಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರಿಗೆಲ್ಲ ಒಂದು ಮಾತು. ವಾಟ್ಸಾಪಿಗೆ ಬಂದ ಮದುವೆ ಕಾಗದದ ಫೈಲ್ ಹೆಸರಿನ ಕೊನೆಗೆ ಎ, ಪಿ, ಕೆ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದನ್ನು ತೆರೆಯಬೇಡಿ. ಕಳಿಸಿದವರು ನಿಮ್ಮ ಸ್ವಂತ ಭಾವನೇ ಆಗಿರಲಿ. ಅದು ಕಾಗದ ಅಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕೋ ಆ್ಯಪ್. ನಮ್ಮ ಚಿಕ್ಕಪ್ಪನ ಖಾತೆಯಲ್ಲಿದ್ದ ಅಡಿಕೆ ದುಡ್ಡಿನಲ್ಲಿ 98,000 ರೂಪಾಯಿ ಹೋಗಿದ್ದು ಇದರಿಂದಲೇ.

ಮೆಸೇಜ್ ಬಂದಿದ್ದು ಗುರುತಿಲ್ಲದ ನಂಬರಿನಿಂದಲ್ಲ. ವರ್ಷಾ ವರ್ಷ ನಮ್ಮ ತೋಟದ ಅಡಿಕೆ ಕೊನೆ (ಗೊನೆ) ತೆಗೆಯುವವರ ನಂಬರಿನಿಂದ. ಅವರ ಮನೇಲಿ ಮಗಳಿಗೆ ಗಂಡು ನೋಡುತ್ತಿದ್ದುದು ಊರಿಗೇ ಗೊತ್ತಿತ್ತು. ‘ತಪ್ಪದೇ ಸಕುಟುಂಬ ಸಮೇತರಾಗಿ ಬನ್ನಿ, ತಮ್ಮ ಆಗಮನಾಭಿಲಾಷಿಗಳು’ ಅಂತ ಒಂದಕ್ಷರ ತಪ್ಪಿಲ್ಲದ ಕನ್ನಡ. ಎಚ್ಚರಿಕೆಯಿಂದಿರಿ ಅಂತ ಚಿಕ್ಕಪ್ಪನ ಫೋನಿಗೆ ಬರುವ ಮೆಸೇಜ್‌ಗಳು ಮಾತ್ರ ಬರೀ ಇಂಗ್ಲಿಷಿನಲ್ಲಿ. ಮೋಸಕ್ಕೆ ಕನ್ನಡ ಬರುತ್ತೆ, ಎಚ್ಚರಿಕೆಗೆ ಬರಲ್ಲ!

ನಮ್ಮ ಕಡೆ ಮದುವೆ ಕರೆಯೋದು ಅಂದರೆ ಮನೆಗೇ ಬಂದು, ಕುಂಕುಮ-ಅಕ್ಷತೆ ಕೊಟ್ಟು, ಕಾಫಿ ಕುಡಿದು ಹೋಗೋದು. ಕೊರೊನಾ ಕಾಲದಿಂದೀಚೆಗೆ ವಾಟ್ಸಾಪಲ್ಲಿ ಕಾಗದ ಕಳಿಸಿದರೂ ನಡೆಯುತ್ತೆ ಅಂತಾಯ್ತು. ಆದರೆ ಮರ್ಯಾದೆಯ ಲೆಕ್ಕ ಹಳೇದೇ. ‘ಕರೆದವರ ಕಾಗದ ಬಿಚ್ಚಿ ನೋಡದೆ ಇದ್ರೆ ನಾಳೆ ಎದುರಿಗೆ ಸಿಕ್ಕಾಗ ಏನ್ ಹೇಳೋದು ಮಾರಾಯ?’ ಅಂತ ಚಿಕ್ಕಪ್ಪ. ಮನೆಯೊಳಗೆ ಸಿಗ್ನಲ್ ಸಿಗೋದಿಲ್ಲ. ದಣಪೆ ದಾಟಿ, ಗುಡ್ಡದ ತಿರುವಿನಲ್ಲಿ ನಿಂತು ಡೌನ್‌ಲೋಡ್ ಮಾಡಿದ್ದಾರೆ. ಹೊರಗಿನ ಆ್ಯಪ್ ಹಾಕಿಕೊಳ್ಳಲು ಅನುಮತಿ ಕೊಡಿ ಅಂತ ಫೋನ್ ಕೇಳಿದೆ. ಇದು ಹಾನಿ ಮಾಡಬಹುದು ಅಂತ ಕೆಂಪಕ್ಷರದಲ್ಲೂ ಹೇಳಿದೆ. ನೆಟ್‌ವರ್ಕ್ ಸರಿ ಇಲ್ಲದ್ದಕ್ಕೆ ಏನೇನೋ ಕೇಳ್ತಿದೆ ಅಂದುಕೊಂಡು ಎಲ್ಲದಕ್ಕೂ ‘ಅಲೋ’ ಒತ್ತಿದ್ದಾರೆ. ಮೆಸೇಜ್ ಓದೋ ಅನುಮತಿಯೂ ಅದರಲ್ಲೇ ಹೋಯಿತು. ಕಾಗದ ಮಾತ್ರ ತೆರೆಯಲಿಲ್ಲ. ಆ್ಯಪಿನ ಗುರುತೂ ಪರದೆ ಮೇಲೆ ಉಳಿಯಲಿಲ್ಲ.

ಒಮ್ಮೆ ಆ ಅನುಮತಿ ಸಿಕ್ಕಿತೋ, ಬ್ಯಾಂಕಿನ ಓಟಿಪಿ ನೇರವಾಗಿ ಕಳ್ಳರ ಕೈಗೆ. ನಿಮ್ಮ ವಾಟ್ಸಾಪನ್ನು ಬೇರೆ ಫೋನಿನಲ್ಲಿ ತೆರೆಯೋಕೆ ಬೇಕಾದ ಆರಂಕಿಯ ಕೋಡೂ ಎಸ್ಸೆಮ್ಮೆಸ್ಸಿನಲ್ಲೇ ಬರುತ್ತೆ, ಅದೂ ಅವರಿಗೇ. ಆಮೇಲೆ ನಿಮ್ಮ ಹೆಸರಲ್ಲಿ ನಿಮ್ಮ ನೆಂಟರಿಗೆಲ್ಲ ಅದೇ ಕಾಗದ ಹೋಗುತ್ತೆ. ಕೊನೆ ತೆಗೆಯುವವರ ನಂಬರಿನಿಂದ ನಮಗೆ ಬಂದಿದ್ದೂ ಹೀಗೆಯೇ. ಪಾಪ, ಅವರಿಗೆ ಸುದ್ದಿಯೇ ಇರಲಿಲ್ಲ.

ದುಡ್ಡು ಕಡಿತವಾದ ಮೆಸೇಜ್ ಚಿಕ್ಕಪ್ಪನ ಕಣ್ಣಿಗೆ ಬೀಳಲೇ ಇಲ್ಲ. ವಿಷಯ ಗೊತ್ತಾಗಿದ್ದು ಸಾಗರದ ಅತ್ತೆಯಿಂದ. ರಾತ್ರಿ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ‘ನಿಮ್ಮನೇಲಿ ಮದುವೆ ಗೊತ್ತಾಗಿದ್ದು ನಂಗೆ ವಾಟ್ಸಾಪಲ್ಲಿ ಹೇಳೋದಾ? ಒಂದು ಮಾತು ಬಾಯಲ್ಲಿ ಹೇಳೋಕೆ ಆಗ್ಲಿಲ್ವಾ ನಿಮಗೆ?’ ಅಂತ ಚೆನ್ನಾಗಿ ಬೈದರು. ಆ ಸಿಟ್ಟೇ ನಮ್ಮನ್ನು ಅಷ್ಟರಮಟ್ಟಿಗೆ ಉಳಿಸಿತು.

ಚಿಕ್ಕಪ್ಪನಿಗೆ ದುಡ್ಡಿಗಿಂತ ಹೆಚ್ಚು ನೋವಾಗಿದ್ದು ಊರಿನ ಗ್ರೂಪಿನಿಂದ. ಯಾರೋ ಅವರ ಫೋಟೋ ಸಮೇತ ನಂಬರ್ ಹಾಕಿ ‘ಇವರು ಮೋಸದ ಮೆಸೇಜ್ ಕಳಿಸ್ತಾರೆ, ಬ್ಲಾಕ್ ಮಾಡಿ’ ಅಂತ ಬರೆದರು. ಕೆಳಗೆ ನಗುವ ಬೊಂಬೆಗಳ ಸಾಲು. ಅದೇ ಗ್ರೂಪಿನ ಎಷ್ಟೋ ಜನರಿಗೆ ಆ ಫೈಲ್ ಹೋಗಿದ್ದರೂ ಚಿಕ್ಕಪ್ಪನಿಗೆ ಒಬ್ಬರೂ ಫೋನ್ ಮಾಡಿರಲಿಲ್ಲ. ಗುರುತಿನವರಿಂದ ಇಂಥದ್ದು ಬಂದರೆ ಮೊದಲು ಮಾಮೂಲಿ ಕರೆ ಮಾಡಿ ಕೇಳಿ. ವಾಟ್ಸಾಪಲ್ಲಿ ‘ಇದು ನೀವೇ ಕಳಿಸಿದ್ದಾ?’ ಅಂತ ಬರೆದು ಪ್ರಯೋಜನವಿಲ್ಲ, ‘ಹೌದು ಹೌದು’ ಅಂತ ಉತ್ತರಿಸೋನು ಕಳ್ಳನೇ. ಕೇಳಿದರೆ ತಪ್ಪು ತಿಳಿದುಕೊಳ್ತಾರೇನೋ ಅನ್ನೋ ಸಂಕೋಚ ಬೇಡ. ಕರೆಯೋರೂ ಅಷ್ಟೇ, ಕಾಗದದ ಫೋಟೋ ಕಳಿಸಿ ಒಂದು ನಿಮಿಷ ಫೋನ್ ಮಾಡಿ.

ಯಾರಾದರೂ ತೆರೆದುಬಿಟ್ಟಿದ್ದರೆ ತಕ್ಷಣ ಡೇಟಾ ಮತ್ತು ವೈಫೈ ಬಂದ್ ಮಾಡಿ ಸಿಮ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಸಿ, ಹಿಂದೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಳಗಾಗಲಿ ಅಂತ ಕೂರಬೇಡಿ, ಹೋದ ದುಡ್ಡು ಇನ್ನೊಂದು ಖಾತೆಗೆ ದಾಟೋ ಮೊದಲೇ ತಡೆಯಬೇಕು. ಆ ಮೆಸೇಜನ್ನು ಅಳಿಸಬೇಡಿ, ಇನ್ನೊಂದು ಫೋನಿನಲ್ಲಿ ಅದರ ಫೋಟೋ ತೆಗೆದಿಡಿ. ದೂರು ಕೊಡುವಾಗ ಅದು, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಬೇಕಾಗುತ್ತೆ. ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳನ್ನು ನೋಡೋ ಸಿಇಎನ್ ಪೊಲೀಸ್ ಠಾಣೆ ಇದೆ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸೋದು ಇದೆಲ್ಲ ಆದ ಮೇಲೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಟೂ ಸ್ಟೆಪ್ ವೆರಿಫಿಕೇಶನ್’ ಅಂತಿದೆ, ಅದಕ್ಕೊಂದು ಪಿನ್ ಇಟ್ಟುಕೊಂಡರೆ ಎಸ್ಸೆಮ್ಮೆಸ್ ಕೋಡ್ ಒಂದರಿಂದಲೇ ಖಾತೆ ಕೈತಪ್ಪೋದಿಲ್ಲ. ಮನೆಯ ಹಿರಿಯರ ಫೋನಿನಲ್ಲಿ ನೀವೇ ಕೂತು ಮಾಡಿಕೊಡಿ.

ನಮ್ಮ ದುಡ್ಡಿನಲ್ಲಿ ಒಂದು ಪಾಲನ್ನು ಯಾವುದೋ ಖಾತೆಯಲ್ಲಿ ತಡೆಹಿಡಿದಿದ್ದಾರಂತೆ. ಇನ್ನೂ ಕೈಗೆ ಬಂದಿಲ್ಲ, ಓಡಾಟ ನಡೆದಿದೆ. ಚಿಕ್ಕಪ್ಪನ ನಂಬರಿನಿಂದ ಕಾಗದ ಬಂದಿರುವವರು ದಯವಿಟ್ಟು ಅದನ್ನು ತೆರೆಯಬೇಡಿ, ಮುಂದೆ ಯಾರಿಗೂ ಕಳಿಸಬೇಡಿ.